ಅತ್ತಿಗೆ ಒಬ್ಬಳೇ ನೋಡಿದ್ದು

ಆ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಪಾಳಿಯಲ್ಲಿ ಬಸಿರಿಯರ ಸ್ಕ್ಯಾನಿಂಗ್ ಮಾಡುವ ಹೆಂಗಸಿಗೆ ಮೌನಗೌರಿ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ರಕ್ತ ತೆಗೆಯುವವಳೇ ಇಟ್ಟಿರಬೇಕು, ಅವಳ ಬಾಯಿಗೆ ಬೀಗವೆಂಬುದೇ ಇರಲಿಲ್ಲ. ಹೆಸರೇನೋ ಹೇಳಿ ಮಾಡಿಸಿದಂತಿತ್ತು. ಮಂಚದ ಮೇಲೆ ಮಲಗಿದ ಹೆಂಗಸು ಎಷ್ಟು ಕೇಳಿದರೂ, ಗೋಗರೆದರೂ, ಕೊನೆಗೆ ಸಿಟ್ಟಾದರೂ ಅವಳ ಬಾಯಿಂದ ಬರುತ್ತಿದ್ದದ್ದು ಎರಡೇ ಮಾತು. ಉಸಿರು ಹಿಡೀರಿ. ಉಸಿರು ಬಿಡಿ.

ಮನೆಯಲ್ಲಿ ಮಾತ್ರ ಅವಳು ಹೀಗಿರಲಿಲ್ಲ. ಗಂಡನ ತಂಗಿಯೊಬ್ಬಳಿದ್ದಳು. ಇವಳು ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಎರಡು ಜಡೆ ಹೆಣೆಸಿಕೊಳ್ಳಲು ಬೆಳಗ್ಗೆ ಬೆಳಗ್ಗೆ ಅತ್ತಿಗೆಯ ಮುಂದೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಅಂದಿನಿಂದ ಇಬ್ಬರೂ ಸೇರಿದರೆ ಮನೆಯ ಗಂಡಸರು ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳಬೇಕು ಅನ್ನುವಷ್ಟು ಮಾತು, ನಗು, ಕಾಲೆಳೆದಾಟ. ಕಥೆ ಈ ನಾದಿನಿಗೂ ಸೇರಿದ್ದರಿಂದ ನಾವೂ ಆ ಹೆಂಗಸನ್ನು ಅತ್ತಿಗೆ ಎಂದೇ ಕರೆಯೋಣ. ಮೌನಗೌರಿ ಆಸ್ಪತ್ರೆಯವರಿಗಿರಲಿ.

ಸ್ಕ್ಯಾನಿಂಗ್ ಕೋಣೆ ಎರಡನೆಯ ಮಹಡಿಯ ತುದಿಯಲ್ಲಿತ್ತು. ಕಿಟಕಿಗೆ ದಪ್ಪ ಕಪ್ಪು ಪರದೆ, ನಡುವೆ ಮಂಚ, ಪಕ್ಕದಲ್ಲಿ ಯಂತ್ರ, ಬಿಸಿನೀರಿನ ಬೋಗುಣಿಯಲ್ಲಿ ಮುಳುಗಿಸಿಟ್ಟ ಜೆಲ್ ಬಾಟಲಿ. ಜೆಲ್ ತಣ್ಣಗಿದ್ದರೆ ಹೊಟ್ಟೆಗೆ ಹಚ್ಚಿದ ಕೂಡಲೇ ಹೆಂಗಸರು ಬೆಚ್ಚಿಬೀಳುತ್ತಾರೆ ಎಂದು ಅತ್ತಿಗೆ ಅದನ್ನು ಬೆಚ್ಚಗೆ ಇಟ್ಟುಕೊಳ್ಳುತ್ತಿದ್ದಳು. ಮಂಚದ ಕಾಲದೆಸೆಯ ಗೋಡೆಗೆ ಒಂದು ಟಿವಿ ಇತ್ತು. ಯಂತ್ರದಲ್ಲಿ ಕಾಣುವುದೆಲ್ಲ ಅಲ್ಲೂ ಕಾಣುತ್ತದೆ, ಮಲಗಿದವಳು ಕತ್ತು ತಿರುಗಿಸದೆ ನೋಡಬಹುದು. ಬೆಳಗಿನ ಪಾಳಿಯ ಹುಡುಗಿ ಅದನ್ನು ಮೊದಲೇ ಹಾಕಿಟ್ಟು ಕೆಲಸ ಶುರುಮಾಡುತ್ತಿದ್ದಳು. ಅತ್ತಿಗೆ ಹಾಗಲ್ಲ. ಗೋಡೆಯ ಟಿವಿಯ ಸ್ವಿಚ್ಚನ್ನು ಅವಳು ತನ್ನ ಎಡಗೈಗೆ ಸಿಗುವಂತೆ ಯಂತ್ರದ ಕೆಳಗೆ ಹಾಕಿಸಿಕೊಂಡಿದ್ದಳು. ಮೊದಲು ಎಲ್ಲವನ್ನೂ ತಾನೊಬ್ಬಳೇ ನೋಡಬೇಕು, ಅಳೆಯಬೇಕು. ಎಲ್ಲ ಸರಿಯಿದ್ದರೆ ಆಗ ಸ್ವಿಚ್ಚು. ಸರಿಯಿಲ್ಲದಿದ್ದರೆ ಟಿವಿ ಕಪ್ಪಗೇ ಇರುತ್ತಿತ್ತು. ಒರೆಸಿಕೊಳ್ಳಲು ಕಾಗದ ಕೊಟ್ಟು, ಡಾಕ್ಟರ್ ಮಾತಾಡ್ತಾರೆ ಎಂದು ಕಳಿಸಿಬಿಡುತ್ತಿದ್ದಳು. ಹೊರಗೆ ಬೆಂಚಿನ ಮೇಲೆ ಕುಳಿತ ಹೆಂಗಸರಿಗೂ ಇದು ಗೊತ್ತಾಗಿಹೋಗಿತ್ತು. ಬಾಗಿಲು ತೆರೆದು ಬಂದವಳನ್ನು, ಟಿವಿ ಹಾಕಿದ್ರಾ, ಎಂದಷ್ಟೇ ಕೇಳುತ್ತಿದ್ದರು.

ಇದಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳೂ ಎಲ್ಲರಂತೆ ಟಿವಿ ಹಾಕಿಯೇ ಶುರುಮಾಡುತ್ತಿದ್ದಳು. ಒಂದು ದಿನ ಗಂಡ ಹೆಂಡತಿ ಬಂದರು. ಗಂಡ ಮೊಬೈಲ್ ಎತ್ತಿ ಹಿಡಿದು ಗೋಡೆಯ ಚಿತ್ರ ತೆಗೆಯುತ್ತಿದ್ದ. ಬನ್ನಿ, ನಿಮ್ಮ ಮರಿ ಏನು ಮಾಡ್ತಿದೆ ನೋಡೋಣ ಎಂದು ಅತ್ತಿಗೆಯೇ ನಗುನಗುತ್ತ ಹೇಳಿದ್ದಳು. ಮರಿ ಏನೂ ಮಾಡುತ್ತಿರಲಿಲ್ಲ. ಗಂಡನಿಗೆ ಅತ್ತಿಗೆಯ ಮುಖ ನೋಡಿ ಹೊಳೆಯಿತು, ಅವನ ಕೈ ನಿಧಾನವಾಗಿ ಇಳಿಯಿತು. ಹೆಂಡತಿಗೆ ಹೊಳೆಯಲಿಲ್ಲ. ಮಲಗಿದೆಯಾ, ಸೋಮಾರಿ ಎಂದು ಅವಳು ಇನ್ನೂ ನಗುತ್ತಲೇ ಇದ್ದಳು. ಆ ನಗು ಅತ್ತಿಗೆಯ ಕಿವಿಯಿಂದ ಹೋಗಲೇ ಇಲ್ಲ. ಸ್ವಿಚ್ಚು ಹಾಕಿಸಿಕೊಂಡದ್ದು ಅದಾದ ಮೇಲೆ.

ನಾದಿನಿ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಿದ್ದಳು. ಬ್ರೇಕ್ ಹಾಕಬೇಕಾದಲ್ಲಿ ಕಣ್ಣು ಮುಚ್ಚುವವರು, ಎಡಕ್ಕೆ ಎಂದರೆ ಬಲಕ್ಕೆ ತಿರುಗಿಸುವವರು, ಇಂಥವರನ್ನೆಲ್ಲ ದಿನವಿಡೀ ಪಕ್ಕದಲ್ಲಿ ಕೂರಿಸಿಕೊಂಡು ಸಂಜೆ ಮನೆಗೆ ಬಂದು ಅವರಂತೆಯೇ ಮಾಡಿ ತೋರಿಸಿ ನಗಿಸುವುದು ಅವಳ ಕೆಲಸ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಹಿಂದೊಮ್ಮೆ ಬಸಿರಾಗಿ, ಸ್ಕ್ಯಾನಿಂಗ್‌ಗೆ ಹೋಗುವ ಮೊದಲೇ ಹೋಗಿಬಿಟ್ಟಿತ್ತು. ಆಗ ಅವಳು ಅತ್ತದ್ದಕ್ಕಿಂತ ಹೆಚ್ಚಾಗಿ ತಬ್ಬಿಬ್ಬಾಗಿದ್ದಳು. ಏನೋ ಇತ್ತು ಅಂತಾರೆ, ಈಗ ಇಲ್ಲ ಅಂತಾರೆ, ನಾನು ಯಾವುದನ್ನೂ ನೋಡಿಲ್ಲ, ಯಾರಿಗೆ ಅಂತ ಅಳ್ಲಿ ಅತ್ತಿಗೆ ಎಂದಿದ್ದಳು.

ಈಗ ಮತ್ತೆ ಬಸಿರಾಗಿದ್ದಳು. ಡಾಕ್ಟರಮ್ಮ ಒಂದು ಸ್ಕ್ಯಾನ್ ಆಗಲಿ ಎಂದಾಗ ನಾದಿನಿ ಬೆಳಗಿನ ಪಾಳಿ ಬೇಡವೇ ಬೇಡವೆಂದು ಹಟ ಹಿಡಿದಳು.

"ನಿಮ್ಮ ಕೈಯಲ್ಲೇ ಆಗ್ಬೇಕು. ಮನೆಯಲ್ಲೇ ಯಂತ್ರ ನಡೆಸೋರು ಇರುವಾಗ ಬೇರೆಯೋರ ಮುಂದೆ ಯಾಕೆ ಮಲಗ್ಲಿ?"

"ಮನೆಯವರಿಗೆ ನಾವು ಮಾಡಬಾರದು ಕಣೇ."

"ಯಾರು ಹೇಳಿದ್ದು? ನನ್ನ ಜಡೆಯಲ್ಲಿ ಹೇನು ನೋಡ್ತಿದ್ದೋರು ನೀವು. ಈಗ ಇದನ್ನ ನೋಡೋಕೆ ನಾಚಿಕೆನಾ?"

ಅತ್ತಿಗೆ ಸೋತಳು. ಸೋಲಬಾರದಿತ್ತು.

ಬಂದ ದಿನ ನಾದಿನಿ ಮಂಚ ಹತ್ತಿ ಮೊಣಕಾಲ ಮೇಲೆ ಹೊದಿಕೆ ಎಳೆದುಕೊಂಡಳು. ತಿಂಗಳು ಇನ್ನೂ ಕಡಿಮೆ, ಹಾಗಾಗಿ ಒಳಗಿನಿಂದಲೇ ನೋಡುವ ಸ್ಕ್ಯಾನ್. ಮೂತ್ರ ಮಾಡಿ ಬಂದು ಮಲಗಬೇಕು, ಸೊಂಟ ಸಡಿಲ ಬಿಡಬೇಕು. ಕ್ಲಚ್ಚು ಬ್ರೇಕು ಎರಡೂ ಬಿಟ್ಟು ಮಲಗಿದ್ದೀನಿ, ಇನ್ನು ಗಾಡಿ ನಿಮ್ಮದು ಎಂದಳು ನಾದಿನಿ. ಅತ್ತಿಗೆಗೂ ನಗು ಬಂತು. ಆಮೇಲೆ ನಾದಿನಿ ಕಪ್ಪು ಟಿವಿಯ ಕಡೆ ನೋಡಿ ದನಿ ತಗ್ಗಿಸಿದಳು.

"ಅತ್ತಿಗೆ, ಒಂದು ಮಾತು. ಹೋದ ಸಲದ ಹಾಗೆ ಆಗ್ಬಾರ್ದು. ಎದೆ ಬಡಿಯೋದು ಈಗ ಕಾಣುತ್ತಂತೆ. ಒಂದೇ ಒಂದು ಸಲ ನಾನು ನೋಡ್ಬೇಕು. ಆಮೇಲೆ ಉಳೀಲಿ, ಹೋಗ್ಲಿ, ಆಗೋದು ಆಗ್ಲಿ. ನಾನು ನೋಡಿದೆ ಅಂತ ಒಂದು ಇರ್ಬೇಕು."

"ಹೂಂ, ಸುಮ್ನೆ ಮಲಕ್ಕೋ. ಅಲ್ಲಾಡ್ಬೇಡ."

ಯಂತ್ರದ ಪರದೆಯಲ್ಲಿ ಗರ್ಭದ ಚೀಲ ಕಂಡಿತು. ಚೀಲದ ಗೋಡೆಗೆ ಒತ್ತಿಕೊಂಡು ಅದು ಇತ್ತು, ದಿನದ ಲೆಕ್ಕಕ್ಕೆ ಇರಬೇಕಾದಷ್ಟು ಬೆಳೆದಿರಲಿಲ್ಲ. ನಡುವೆ ಮಿಣುಕ್ ಎಂದಿತು. ಮತ್ತೆ ಮಿಣುಕ್. ಅತ್ತಿಗೆಯ ಜೀವ ಬಾಯಿಗೆ ಬಂದು ಕೆಳಗಿಳಿಯಿತು. ಬಡಿಯುತ್ತಿತ್ತು. ಆದರೆ ಈ ಹೊತ್ತಿಗೆ ಅದು ದೊಡ್ಡವರ ಎದೆಯ ಸುಮಾರು ಎರಡರಷ್ಟು ವೇಗದಲ್ಲಿ, ಕಣ್ಣಿಗೆ ಸಿಗದಷ್ಟು ಚುರುಕಾಗಿ ಓಡಬೇಕು. ಇದು ಒಂದೊಂದೇ ಹೆಜ್ಜೆ ಇಡುತ್ತಿತ್ತು. ಅವಳು ಬಡಿತದ ಗೆರೆ ತೆಗೆದು ಅಳೆದಳು. ಇರಬೇಕಾದ ವೇಗದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಮತ್ತೊಮ್ಮೆ ಅಳೆದಳು, ಅದೇ ಬಂತು. ಇಂಥವನ್ನು ಅವಳು ನೋಡದವಳಲ್ಲ. ಕೆಲವು ಚೇತರಿಸಿಕೊಂಡು ಓಡಲು ಶುರುಮಾಡುತ್ತವೆ. ಹೆಚ್ಚಿನವು ನಿಂತುಹೋಗುತ್ತವೆ.

"ಹಾಕಿ ಅತ್ತಿಗೆ," ಎಂದಳು ನಾದಿನಿ. "ಗೋಡೆ ನೋಡಿ ನೋಡಿ ಕಣ್ಣು ನೋಯ್ತಿದೆ."

ಅತ್ತಿಗೆಯ ಎಡಗೈ ಸ್ವಿಚ್ಚಿನ ಮೇಲೇ ಇತ್ತು. ಒತ್ತಿದ್ದರೆ ಮುಗಿಯುತ್ತಿತ್ತು. ಅವಳಿಗೆ ಆ ಹಳೆಯ ದಿನ, ಆ ಮೊಬೈಲು, ಆ ನಗು ನೆನಪಾಯಿತು. ಈಗ ತೋರಿಸಿ, ಇವಳು ಕುಣಿದಾಡಿ, ಮುಂದಿನ ವಾರ ಅದು ನಿಂತರೆ? ಆಸೆ ಹುಟ್ಟಿಸಿ ಕಿತ್ತುಕೊಂಡ ಹಾಗಾಗುವುದಿಲ್ಲವೇ? ಇವಳ ಒಳ್ಳೆಯದಕ್ಕೇ ಎಂದುಕೊಂಡಳು. ನಾವು ಬೇರೆಯವರಿಗೆ ಮಾಡುವ ಅನ್ಯಾಯಕ್ಕೆಲ್ಲ ಈ ಮಾತು ಎಷ್ಟು ಅನುಕೂಲವಾಗಿ ಒದಗಿಬರುತ್ತದೆ ನೋಡಿ.

"ಇನ್ನೂ ತುಂಬಾ ಚಿಕ್ಕದು ಪುಟ್ಟಿ," ಎಂದಳು. "ಈಗ ಹಾಕಿದ್ರೂ ಬರೀ ಮಸಿ ಚೆಲ್ಲಿದ ಹಾಗೆ ಕಾಣುತ್ತೆ. ಬಡಿತ ಗಿಡಿತ ಏನೂ ಗೊತ್ತಾಗಲ್ಲ. ಮುಂದಿನ ವಾರ ಚೆನ್ನಾಗಿ ಕಾಣುತ್ತೆ, ಆಗ ಹಾಕ್ತೀನಿ."

ಬೇರೆ ಹೆಂಗಸರಿಗೆ ಅವಳು ಏನನ್ನೂ ಹೇಳುತ್ತಿರಲಿಲ್ಲ ನಿಜ, ಆದರೆ ಸುಳ್ಳನ್ನೂ ಹೇಳಿರಲಿಲ್ಲ. ಮೊದಲ ಸುಳ್ಳು ಮನೆಯವಳಿಗೇ ಹೇಳಿದ್ದಾಯಿತು. ಬೇರೆ ಯಾರೇ ಆಗಿದ್ದರೂ ಕಪ್ಪು ಟಿವಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ನಾದಿನಿ ಅತ್ತಿಗೆಯ ಮಾತು ಕೇಳಿ ಅದನ್ನೇ ನಂಬಿದಳು. ಅಷ್ಟೊಂದು ಚಿಕ್ಕದಾ, ಪಾಪ ಎಂದು ಹೊಟ್ಟೆ ಸವರಿಕೊಂಡು ಎದ್ದಳು. ಹೊರಗೆ ಬೆಂಚಿನವರು ಟಿವಿ ಹಾಕಿದ್ರಾ ಎಂದಾಗ, ಮುಂದಿನ ವಾರ ನಮ್ಮ ಸಿನಿಮಾ ಎಂದು ಹೇಳಿ ನಗಿಸಿ ಹೋದಳು.

ಡಾಕ್ಟರಮ್ಮನ ಮುಂದೆ ಅತ್ತಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಡಾಕ್ಟರಮ್ಮ ಗೆರೆ ನೋಡಿ ತುಟಿ ಒತ್ತಿಕೊಂಡರು.

"ಒಂದು ವಾರ ಕಾಯೋಣ. ನಿಧಾನ ಇದೆ ಅಂತ ಅವರಿಗೆ ನಾನು ಹೇಳ್ಲಾ?"

"ಬೇಡ ಮೇಡಂ. ಮನೆಯವಳು. ನಾನೇ ಹೇಳ್ತೀನಿ."

ಹೇಳಲಿಲ್ಲ. ಆ ವಾರ ಅತ್ತಿಗೆಗೆ ಕಾದ ಬಾಣಲೆಯ ಮೇಲೆ ಕೂತ ಹಾಗಿತ್ತು. ರಜೆಯ ದಿನ ನಾದಿನಿ ಗಂಡನೊಂದಿಗೆ ಮನೆಗೆ ಬಂದಳು. ಊಟಕ್ಕೆ ಕುಳಿತಾಗ ಹೊಸ ಶಿಷ್ಯನೊಬ್ಬನ ಕಥೆ ತೆಗೆದಳು. ಅವನು ಹಿಂದಕ್ಕೆ ಹೋಗುವ ಗೇರ್ ಹಾಕಿ ಮುಂದೆ ನೋಡುತ್ತ ಕೂತು, ಮೇಡಂ ಊರೆಲ್ಲ ಯಾಕೆ ಮುಂದಕ್ಕೆ ಹೋಗ್ತಿದೆ ಎಂದನಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅತ್ತಿಗೆಯೂ ನಕ್ಕಳು. ಪಾತ್ರೆ ತೊಳೆಯುವಾಗ ಅತ್ತಿಗೆಯ ಗಂಡ ಬಂದು, ಅವಳದು ಎಲ್ಲ ಸರಿ ಇದೆ ತಾನೇ ಎಂದು ಮೆಲ್ಲಗೆ ಕೇಳಿದ. ಹೂಂ ಎಂದಳು. ನಲ್ಲಿಯ ನೀರಿನ ಸದ್ದು ದೊಡ್ಡದಿತ್ತು, ಅವನು ಮತ್ತೆ ಕೇಳಲಿಲ್ಲ.

ಅದರ ಮರುದಿನ ನಾದಿನಿ ಫೋನ್ ಮಾಡಿದಳು.

"ಅತ್ತಿಗೆ, ನಿಮ್ಮ ಆಸ್ಪತ್ರೆ ಮುಂದೇನೇ ಇದ್ದೀನಿ. ಪಾಠಕ್ಕೆ ಬರ್ಬೇಕಾದೋನು ಕೈಕೊಟ್ಟ. ಒಂದು ನಿಮಿಷ ಮೇಲೆ ಬಂದು ನೋಡ್ಕೊಂಡು ಹೋಗ್ಲಾ? ಈಗ ಸ್ವಲ್ಪ ಬೆಳೆದಿರುತ್ತಲ್ಲ."

ಅತ್ತಿಗೆ ಕಿಟಕಿಯ ಕಪ್ಪು ಪರದೆ ಸರಿಸಿ ಕೆಳಗೆ ನೋಡಿದಳು. ನೆತ್ತಿಯ ಮೇಲೆ ಡ್ರೈವಿಂಗ್ ಶಾಲೆಯ ಹಲಗೆ ಹೊತ್ತ ಕಾರು ರಸ್ತೆಯ ಆಚೆ ನಿಂತಿತ್ತು. ಕೋಣೆ ಖಾಲಿಯಿತ್ತು. ಮಂಚಕ್ಕೆ ಆಗಷ್ಟೇ ಹೊಸ ಕಾಗದ ಹಾಸಿದ್ದಳು.

"ದಿನಾ ಮುಚ್ಚಳ ತೆಗೆದು ನೋಡೋಕೆ ಅದೇನು ಒಲೆ ಮೇಲಿಟ್ಟ ಹಾಲಾ? ಸುಮ್ನೆ ಹೋಗಿ ಕೆಲಸ ನೋಡು."

ನಾದಿನಿ ನಕ್ಕು ಫೋನ್ ಇಟ್ಟಳು. ಕಾರು ಹೊರಟುಹೋಯಿತು. ಆ ಹೊತ್ತಿಗೆ ಅದು ಇನ್ನೂ ಬಡಿಯುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬಡಿಯುತ್ತಿದ್ದಿರಬಹುದು. ಮುಂದೆ ಅತ್ತಿಗೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೊರೆದದ್ದು ಈ ಫೋನು.

ವಾರ ಕಳೆದು ನಾದಿನಿ ಮತ್ತೆ ಆ ಮಂಚದ ಮೇಲೆ ಮಲಗಿದಳು. ಚೀಲ ಇತ್ತು, ಅದೂ ಇತ್ತು, ಬೆಳೆದಿರಲಿಲ್ಲ. ಮಿಣುಕು ಇರಲಿಲ್ಲ. ಅತ್ತಿಗೆ ಎಡಕ್ಕೆ ತಿರುಗಿಸಿ ನೋಡಿದಳು, ಬಲಕ್ಕೆ ತಿರುಗಿಸಿ ನೋಡಿದಳು, ಬೆಳಕು ಹೆಚ್ಚಿಸಿ ನೋಡಿದಳು. ನಾದಿನಿ ಆ ದಿನ ಹಾಕಿ ಎಂದು ಹೇಳಲಿಲ್ಲ. ಕಪ್ಪು ಟಿವಿಯನ್ನೇ ನೋಡುತ್ತ ಮಲಗಿದ್ದವಳು ತಾನೇ ಕೇಳಿದಳು.

"ಇಲ್ಲ ಅಲ್ವಾ?"

ಅತ್ತಿಗೆ ಇಲ್ಲವೆಂದು ತಲೆಯಾಡಿಸಿದಳು. ಡಾಕ್ಟರ್ ಮಾತಾಡುತ್ತಾರೆ ಎನ್ನುವ ಮಾತು ಬಾಯಿಗೆ ಬರಲಿಲ್ಲ. ನಾದಿನಿ ಅತ್ತಿಗೆಯ ಭುಜಕ್ಕೆ ಹಣೆಯೊತ್ತಿ ಅತ್ತಳು, ಅತ್ತಿಗೆಯೂ ಅತ್ತಳು. ಇಲ್ಲಿಗೆ ಮುಗಿದಿದ್ದರೆ ಇಬ್ಬರದೂ ಒಂದೇ ದುಃಖವಾಗಿರುತ್ತಿತ್ತು.

ಕೆಳಗಿನ ಕೋಣೆಯಲ್ಲಿ ಡಾಕ್ಟರಮ್ಮ ಒಳ್ಳೆಯ ಮಾತಿನಲ್ಲೇ ವಿವರಿಸಿದರು. ಇದು ಯಾರ ತಪ್ಪೂ ಅಲ್ಲ, ಬೀಜದಲ್ಲೇ ಏನೋ ಐಬಿರುತ್ತದೆ. ಕ್ಲಚ್ ಒತ್ತಿ ಒತ್ತಿ ಹೀಗಾಯಿತಾ ಎಂದು ನಾದಿನಿ ಕೇಳಿದ್ದಕ್ಕೆ, ಖಂಡಿತ ಇಲ್ಲ, ಆ ಯೋಚನೆ ಬಿಟ್ಟುಬಿಡಿ ಎಂದರು. ಆಮೇಲೆ ಸಮಾಧಾನಕ್ಕೆಂದೇ ಇನ್ನೊಂದು ಮಾತು ಸೇರಿಸಿದರು.

"ಹೋದ ವಾರವೇ ಬಡಿತ ತುಂಬಾ ನಿಧಾನ ಇತ್ತಲ್ಲ, ನೀವು ಏನು ಮಾಡಿದ್ರೂ ಇದನ್ನ ತಪ್ಪಿಸೋಕೆ ಆಗ್ತಿರ್ಲಿಲ್ಲ."

ನಾದಿನಿ ಕಣ್ಣೊರೆಸುತ್ತಿದ್ದ ಕೈ ನಿಲ್ಲಿಸಿದಳು.

"ಹೋದ ವಾರ ಬಡಿತ ಇತ್ತಾ?"

ಡಾಕ್ಟರಮ್ಮ ಅತ್ತಿಗೆಯ ಕಡೆ ನೋಡಿದರು. ನಾದಿನಿಯೂ ನೋಡಿದಳು. ಅತ್ತಿಗೆ ನೆಲ ನೋಡಿದಳು. ನಾದಿನಿ ಡಾಕ್ಟರಮ್ಮನ ಕಡೆ ತಿರುಗಿ, ಒಳಗಿದ್ದದ್ದು ಹೋಗಲು ಬರೆದುಕೊಟ್ಟ ಮಾತ್ರೆ ಹೇಗೆ ತಗೊಳ್ಳಬೇಕು ಎಂದಷ್ಟೇ ಕೇಳಿ ತಿಳಿದುಕೊಂಡಳು. ಹೊರಗೆ ಬಂದಮೇಲೆ ಅತ್ತಿಗೆ ಕೈ ಹಿಡಿಯಲು ಹೋದಾಗ, ನಾನು ನಡೀತೀನಿ ಎಂದು ಮುಂದೆ ಹೋದಳು.

ಆಮೇಲೆ ಫೋನ್ ಮಾಡಿದರೆ ಅವಳ ಗಂಡ ಎತ್ತುತ್ತಿದ್ದ. ಮಲಗಿದ್ದಾಳೆ ಅಕ್ಕಾ ಅನ್ನುತ್ತಿದ್ದ. ಹಿಂದಿನಿಂದ ಅವಳ ದನಿ ಕೇಳುತ್ತಿತ್ತು. ಮನೆಯಲ್ಲಿ ಅತ್ತಿಗೆಯ ಗಂಡ ಎಲ್ಲ ತಿಳಿದ ಮೇಲೆ ಬೈಯಲಿಲ್ಲ, ಕೂಗಾಡಲಿಲ್ಲ. ನೀನು ಹಾಗೆ ಮಾಡ್ಬಾರ್ದಿತ್ತು ಎಂದ, ಅಷ್ಟೇ. ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದಳೇನೋ.

ಕೊನೆಗೆ ಒಂದು ಸಂಜೆ ಅವಳು ಹೇಳದೆ ಕೇಳದೆ ನಾದಿನಿಯ ಮನೆಗೆ ಹೋದಳು. ಮೆಟ್ಟಿಲು ಹತ್ತುವಾಗ ಏನು ಹೇಳಬೇಕೆಂದು ಹತ್ತು ಸಲ ಜೋಡಿಸಿಕೊಂಡಳು. ಬಾಗಿಲು ತೆರೆದಾಗ ಎಲ್ಲ ಮರೆತುಹೋಯಿತು. ನಾದಿನಿ ಸೊರಗಿದ್ದಳು. ಒಳಗೆ ಬನ್ನಿ ಎಂದಳು. ಮೇಜಿನ ಮೇಲೆ ಒಗೆದ ಬಟ್ಟೆಯ ರಾಶಿ ಇತ್ತು, ಕುಳಿತು ಮತ್ತೆ ಮಡಿಸತೊಡಗಿದಳು. ಅತ್ತಿಗೆ ಎದುರಿಗೆ ಕುಳಿತು ತಾನೂ ಒಂದು ಅಂಗಿ ಎತ್ತಿಕೊಂಡಳು. ಬಿಡಿ, ನಾನು ಮಾಡ್ತೀನಿ ಎಂದು ನಾದಿನಿ ಅದನ್ನು ಕೈಯಿಂದ ತೆಗೆದುಕೊಂಡಳು.

"ಮಸಿ ಚೆಲ್ಲಿದ ಹಾಗೆ ಕಾಣುತ್ತೆ ಅಂದ್ರಿ."

"ಹೌದು."

"ಸುಳ್ಳು ಹೇಳಿದ್ರಿ."

"ಹೌದು ಪುಟ್ಟಿ. ನಿಲ್ಲುತ್ತೆ ಅನ್ನಿಸ್ತು. ಬಡಿಯೋದನ್ನ ನೋಡಿದ್ಮೇಲೆ ನಿಂತ್ರೆ ನಿನಗೆ ಇನ್ನೂ ಕಷ್ಟ ಆಗುತ್ತೆ ಅಂತ."

"ಕಷ್ಟ ನಂದು ಅತ್ತಿಗೆ. ನನಗೇ ಬಿಡ್ಬೇಕಿತ್ತು." ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅತ್ತಿಗೆಗೆ ಹೆಚ್ಚು ಹೆದರಿಕೆ ತಂದಿತು. "ಒಂದು ಸಲ ನೋಡ್ಬೇಕು, ಆಮೇಲೆ ಹೋದ್ರೆ ಹೋಗ್ಲಿ ಅಂತ ಬಾಯಿಬಿಟ್ಟು ಹೇಳಿದ್ದೆ. ಇನ್ನು ಹೇಗೆ ಹೇಳ್ಬೇಕಿತ್ತು ನಾನು? ಬೆಳಗಿನ ಹುಡುಗಿ ಹತ್ರ ಹೋಗಿದ್ರೆ ನೋಡಿರ್ತಿದ್ದೆ. ನೀವು ನಮ್ಮೋರು ಅಂತ ನಿಮ್ಮ ಹತ್ರ ಬಂದೆ."

ನಿನಗೆ ಕಷ್ಟ ಎಂದು ಅತ್ತಿಗೆ ಹೇಳಿದ್ದು ಪೂರ್ತಿ ನಿಜವೂ ಆಗಿರಲಿಲ್ಲ. ಆ ಖುಷಿಯನ್ನು ಎದುರಿಗೆ ನಿಂತು ನೋಡಿ, ಒಂದು ವಾರ ಅದನ್ನು ಹೊತ್ತುಕೊಂಡು ತಿರುಗುವ ಧೈರ್ಯ ತನಗಿರಲಿಲ್ಲ. ಆ ಸ್ವಿಚ್ಚು ಮೊದಲಿನಿಂದಲೂ ಬೇರೆಯವರನ್ನಲ್ಲ, ತನ್ನನ್ನೇ ಕಾಪಾಡುತ್ತಿತ್ತು. ಇದು ಅವಳಿಗೆ ಅಲ್ಲಿ, ಬಟ್ಟೆಯ ರಾಶಿಯ ಮುಂದೆ ಕುಳಿತಾಗ ತಿಳಿಯಿತು. ತಿಳಿದು ಈಗ ಏನು ಬಂತು?

ಅವಳು ತನ್ನ ಬ್ಯಾಗಿನಿಂದ ಒಂದು ಚಿತ್ರ ತೆಗೆದು ಮೇಜಿನ ಮೇಲಿಟ್ಟಳು. ಬಡಿತ ಅಳೆಯಲು ಯಂತ್ರದಲ್ಲಿ ತೆಗೆದ ಗೆರೆ, ಅದೊಂದೇ ಉಳಿದಿತ್ತು. ಇದು ಒಂದು ಬಡಿತ, ಇದು ಇನ್ನೊಂದು ಎಂದು ಏರಿಳಿತ ತೋರಿಸಿದಳು. ನಾದಿನಿ ಅದರ ಮೇಲೆ ಬೆರಳಾಡಿಸಿದಳು.

"ಇದು ಗೆರೆ ಅತ್ತಿಗೆ. ಬಡೀತಿಲ್ಲ."

"ಇಲ್ಲ."

"ನೋಡಿದ್ದು ನೀವೊಬ್ರೇ. ಹೇಗಿತ್ತು ಹೇಳಿ. ಒಂದೂ ಬಿಡ್ಬೇಡಿ."

ಮೌನಗೌರಿ ಹೇಳಿದಳು. ಅಕ್ಕಿಕಾಳಿಗಿಂತಲೂ ಚಿಕ್ಕದು, ಚೀಲದ ಗೋಡೆಗೆ ಒರಗಿಕೊಂಡಿತ್ತು. ನಡುವೆ ಒಂದು ಕಡೆ ಮಾತ್ರ ಮಿಣುಕುತ್ತಿತ್ತು. ಕೈ ಕಾಲು ಇನ್ನೂ ಬಂದಿರಲಿಲ್ಲ. ಅಷ್ಟೇ ಪುಟ್ಟಿ, ಇನ್ನೇನೂ ಇರಲಿಲ್ಲ ಎಂದಳು. ತಾನು ನೋಡಿದ್ದು ಮಾತಿಗೆ ಬಂದಾಗ ಎಷ್ಟು ಸ್ವಲ್ಪವಾಯಿತೆಂದು ಅವಳಿಗೇ ಅನ್ನಿಸಿತು.

"ನಿಧಾನ ಅಂದ್ರಲ್ಲ ಡಾಕ್ಟರ್. ಎಷ್ಟು ನಿಧಾನ? ತೋರಿಸಿ."

ನಾದಿನಿ ಬಟ್ಟೆ ಬದಿಗೆ ಸರಿಸಿ ಅಂಗೈ ಚಾಚಿದಳು. ಅತ್ತಿಗೆ ಆ ಅಂಗೈಯ ನಡುವೆ ತೋರುಬೆರಳಿನಿಂದ ತಟ್ಟಿದಳು. ತಟ್ಟಿ, ಬಿಟ್ಟು, ತಟ್ಟಿದಳು. ಆ ವೇಗ ಅವಳ ಬೆರಳಿಗೆ ಗೊತ್ತಿತ್ತು. ನಾದಿನಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡು ಎರಡು ಬಡಿತವನ್ನೂ ಒಟ್ಟಿಗೆ ಆಲಿಸಿದಳು.

"ಇದು ನಿಧಾನಾನಾ?" ಎಂದಳು. "ನಂದೂ ಹೀಗೇ ಬಡೀತಿದೆಯಲ್ಲ ಅತ್ತಿಗೆ. ಎರಡೂ ಒಂದೇ ಇವೆ."

ಅತ್ತಿಗೆಯ ಕೈ ಸೋಲುತ್ತಿತ್ತು. ನಾದಿನಿ ಸಾಕು ಎನ್ನಲಿಲ್ಲ, ಕಣ್ಣನ್ನೂ ತೆರೆಯಲಿಲ್ಲ. ನಿಲ್ಲಿಸುವವಳು ತಾನಾಗಬಾರದೆಂದು ಅತ್ತಿಗೆ ತಟ್ಟುತ್ತಲೇ ಕುಳಿತಳು.